ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್

ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಹೋಗಬೇಕು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಬರಬೇಕು. ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಸಾಗಬೇಕು. ಎಲ್ಲಕ್ಕೂ ಟ್ರ್ಯಾಕ್ಟರೇ. ಚಿಕ್ಕಬಳ್ಳಾಪುರದ ಸುತ್ತ ಬೆಟ್ಟಗುಡ್ಡ. ರಸ್ತೆಯಲ್ಲಿ ಏರು, ಇಳಿಜಾರು.

ಟ್ರ್ಯಾಕ್ಟರಿಗೆ ಬ್ರೇಕ್ ಇದೆ. ಹಿಂದಿನ ಟ್ರೇಲರಿಗೆ? ಬಹಳ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಏರಿನಲ್ಲಿ ಅದು ಹಿಂದಕ್ಕೆ ಜಗ್ಗುತ್ತದೆ. ಇಳಿಜಾರಿನಲ್ಲಿ ಮುಂದಕ್ಕೆ ನೂಕುತ್ತದೆ. ಏರಿಗಿಂತ ಇಳಿಜಾರೇ ಅಪಾಯ.

ಕೆಲವರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾರೆ. ಯಾಕಣ್ಣಾ ಅಂದರೆ, "ಡೀಸೆಲ್ ಉಳೀತದೆ ಕಣಕ್ಕಾ" ಅನ್ನುತ್ತಾರೆ. ಉಳಿಯುವುದು ಒಂದಿಷ್ಟು ಡೀಸೆಲ್. ಹೋಗುವುದು ಜೀವ.

ಗೇರಿನಲ್ಲಿದ್ದರೆ ಇಂಜಿನ್ನೇ ಚಕ್ರವನ್ನು ತಡೆದು ಹಿಡಿಯುತ್ತದೆ. ನ್ಯೂಟ್ರಲ್ ಮಾಡಿದರೆ, ಕ್ಲಚ್ ತುಳಿದರೆ, ಆ ಹಿಡಿತ ತಪ್ಪುತ್ತದೆ. ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಇಳಿಯುವ ಮೊದಲೇ ಕೆಳಗಿನ ಗೇರ್ ಹಾಕಬೇಕು. ನಡುವೆ ಬದಲಿಸಬಾರದು.

ಅಮೆರಿಕದಲ್ಲಿ ಕಾರಿಗೆ ಸಣ್ಣ ದೋಣಿ ಕಟ್ಟಿ ಎಳೆಯುತ್ತಾರೆ. ತಾನೇ ಗೇರ್ ಬದಲಿಸುವ ಹಳೆಯ ಕಾರುಗಳಲ್ಲಿ ಓವರ್‌ಡ್ರೈವ್ ಎಂಬ ಮೇಲಿನ ಗೇರ್ ಇರುತ್ತದೆ. ಭಾರ ಎಳೆಯುವಾಗ ಅದನ್ನು ಬಿಟ್ಟು ಕೆಳಗಿನ ಗೇರಿನಲ್ಲಿ ಓಡಿಸುತ್ತಾರೆ. ಇಲ್ಲವಾದರೆ ಗೇರ್ ಪೆಟ್ಟಿಗೆಯ ಎಣ್ಣೆ ಕಾಯುತ್ತದೆ. ದೋಣಿಯಾದರೇನು, ಟೊಮೆಟೊ ಆದರೇನು, ಭಾರ ಭಾರವೇ!

ಇನ್ನೊಂದು ಮಾತು. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ 2. ಎಡಚಕ್ರಕ್ಕೆ ಒಂದು, ಬಲಚಕ್ರಕ್ಕೆ ಒಂದು. ಹೊಲದಲ್ಲಿ ತಿರುಗಿಸಲು ಬೇರೆ ಬೇರೆ ಬೇಕು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಸೇರಿಸಬೇಕು. ವೇಗದಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆದು ಮಗುಚಬಹುದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನಂತೂ ಕೂರಿಸಲೇಬೇಡಿ.

ನಿಮ್ಮ ಊರಿನ ಟ್ರ್ಯಾಕ್ಟರಿನಲ್ಲಿ ಪೆಡಲ್ ಕೊಂಡಿ ಇದೆಯೇ? ನೋಡಿ ಬಂದು ಹೇಳಿ.