ಇಂದಿನ ಚಿಂತನೆ: ವಾರ್ಡಿನಲ್ಲಿ ಮಲಗಿದವರು, ನೋಡಲು ಹೋಗುವವರು

 

ನಮ್ಮ ಬಳಗದ ಹಿರಿಯರೊಬ್ಬರು ಬರುವ ಸೋಮವಾರ ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆಗೆ ಸೇರುತ್ತಿದ್ದಾರೆ. ನಿನ್ನೆ ರಾತ್ರಿ ಗ್ರೂಪಿನಲ್ಲಿ ಸುದ್ದಿ ಹಾಕಿದ ಅರ್ಧ ಗಂಟೆಯೊಳಗೆ ಹದಿನೇಳು ಜನ "ನೋಡಲು ಬರುತ್ತೇವೆ" ಎಂದು ಬರೆದಿದ್ದೀರಿ. ಸಂತೋಷ. ಆದರೆ ಹದಿನೇಳು ಜನರೂ ಒಂದೇ ಸಂಜೆ ಒಂದೇ ಮಂಚದ ಸುತ್ತ ನಿಂತರೆ ಅವರ ಗತಿಯೇನು ಎಂದು ಯೋಚಿಸುತ್ತಾ ಮಲಗಿದೆ. ಅದಕ್ಕೇ ಸತಿಪಟ್ಠಾನದ ಪಾಠವನ್ನು ನಾಳೆಗಿಟ್ಟು ಇಂದು ಆಸ್ಪತ್ರೆಯ ವಾರ್ಡಿನ ಬಗ್ಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಪುರಸೊತ್ತಾದಾಗ ಓದಿ.

ವಿನಯಪಿಟಕದ ಮಹಾವಗ್ಗದಲ್ಲಿ ಚೀವರಕ್ಖಂಧಕ ಎಂಬ ಅಧ್ಯಾಯವಿದೆ. ಹೆಸರೇ ಹೇಳುವಂತೆ ಅದು ಭಿಕ್ಖುಗಳ ಬಟ್ಟೆಯ ನಿಯಮಗಳದ್ದು. ಆದರೆ ಅದು ಶುರುವಾಗುವುದು ವೈದ್ಯ ಜೀವಕನ ಕಥೆಯಿಂದ, ಮುಂದೆ ಒಬ್ಬ ರೋಗಿ ಭಿಕ್ಖುವಿನ ಪ್ರಸಂಗವೂ ಬರುತ್ತದೆ. ಹೊಟ್ಟೆಯ ಬೇನೆಯಿಂದ ನರಳುತ್ತಾ ಆತ ತನ್ನದೇ ಮಲಮೂತ್ರದಲ್ಲಿ ಬಿದ್ದುಕೊಂಡಿದ್ದಾನೆ. ಆನಂದನ ಜೊತೆ ಭಿಕ್ಖುಗಳ ಬಿಡಾರಗಳನ್ನು ನೋಡುತ್ತಾ ಬಂದ ಬುದ್ಧರು ಅವನ ಮುಂದೆ ನಿಲ್ಲುತ್ತಾರೆ. ಮೊದಲು ನೀರು ತರಿಸುವುದಿಲ್ಲ. ಮೊದಲು ಕೇಳುತ್ತಾರೆ. ನಿನಗೇನು ಬೇನೆ? ನಿನ್ನನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಯಾಕೆ ಇಲ್ಲ? ತನ್ನಿಂದ ಬೇರೆಯವರಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ನೋಡಿಕೊಳ್ಳುತ್ತಿಲ್ಲ ಎನ್ನುತ್ತಾನೆ ಆತ. ಆ ಮೇಲೆ ನೀರು ಬರುತ್ತದೆ. ಬುದ್ಧರು ನೀರು ಹೊಯ್ಯುತ್ತಾರೆ, ಆನಂದ ಮೈ ತೊಳೆಯುತ್ತಾನೆ. ಬುದ್ಧರು ತಲೆಯ ಕಡೆ, ಆನಂದ ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಬಳಿಕ ಸಂಘವನ್ನು ಕರೆಸಿ, ಮನೆಬಿಟ್ಟು ಬಂದ ನಿಮಗೆ ಇಲ್ಲಿ ತಾಯಿತಂದೆಯರಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡಿಯಾರು ಎಂಬರ್ಥದ ಮಾತು ಹೇಳುತ್ತಾರೆ. ತಮಗೆ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂಬ ಪ್ರಸಿದ್ಧ ಮಾತೂ ಅಲ್ಲಿಯದೇ.

ಈ ಭಾಗವನ್ನು ನಾನು ನಮ್ಮ ಭಾನುವಾರದ ಓದಿನಲ್ಲಿ ಮೂರು ಸಲವಾದರೂ ಗಟ್ಟಿಯಾಗಿ ಓದಿದ್ದೇನೆ. ಎಲ್ಲರೂ ತಲೆದೂಗಿದ್ದೀರಿ. ಆದರೆ ಇದರ ಬೆನ್ನಿಗೇ ಬರುವ ಪಟ್ಟಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಎಂಥ ರೋಗಿಯ ಆರೈಕೆ ಕಷ್ಟ, ಎಂಥವನು ಆರೈಕೆಗೆ ತಕ್ಕವನಲ್ಲ ಎಂದು ಐದೈದು ಅಂಶಗಳು ಅಲ್ಲಿವೆ. ಆರೈಕೆ ಕಷ್ಟವಾಗುವ ರೋಗಿ ತನಗೆ ಹಿತವಾದದ್ದನ್ನು ಮಾಡುವುದಿಲ್ಲ, ಹಿತವಾದದ್ದರಲ್ಲೂ ಮಿತಿ ತಿಳಿಯನು, ಔಷಧಿ ಸೇವಿಸನು, ನೋವು ತಾಳನು. ಜೊತೆಗೆ, ತನ್ನ ಹಿತ ಬಯಸುವ ಉಪಚಾರಕನಿಗೆ ಕಾಯಿಲೆ ಇದ್ದದ್ದನ್ನು ಇದ್ದ ಹಾಗೆ, ಹೆಚ್ಚುತ್ತಿದ್ದರೆ ಹೆಚ್ಚುತ್ತಿದೆ, ಇಳಿಯುತ್ತಿದ್ದರೆ ಇಳಿಯುತ್ತಿದೆ ಎಂದು ಹೇಳನು. ಎರಡೂವರೆ ಸಾವಿರ ವರ್ಷ ಹಳೆಯ ಸಂಪ್ರದಾಯದ ಈ ಮಾತನ್ನು ಇವತ್ತು ಯಾವ ವಾರ್ಡಿನ ಗೋಡೆಗೆ ಬೇಕಾದರೂ ಅಂಟಿಸಬಹುದು. ಈ ಕೊನೆಯ ಅಂಶವೇ ಇಂದಿನ ನನ್ನ ವಿಷಯ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ತಂದೆಯವರು ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿನಿಂದ ಹನ್ನೊಂದು ದಿನ ವಾರ್ಡಿನಲ್ಲಿದ್ದರು. ಇಪ್ಪತ್ತು ಮಂಚಗಳ ಗಂಡಸರ ವಾರ್ಡು. ಮೊದಲ ದಿನವೇ ನನ್ನ ಪರೀಕ್ಷೆಯಾಯಿತು. ಅಪ್ಪನಿಗೆ ಮಂಚದಲ್ಲೇ ಬೇಧಿಯಾಯಿತು. ನಾನೇನು ಮಾಡಿದೆ? ವಾರ್ಡ್ ಬಾಯ್‌ನನ್ನು ಹುಡುಕುತ್ತೇನೆಂದು ಹೊರಗೆ ಹೋದೆ. ನಿಜ ಹೇಳಬೇಕೆಂದರೆ ಹುಡುಕುವುದಕ್ಕಿಂತ ಹೆಚ್ಚಾಗಿ ಮೆಟ್ಟಿಲ ಬಳಿ ನಿಂತಿದ್ದೆ. ಬರುವಷ್ಟರಲ್ಲಿ ಪಕ್ಕದ ಮಂಚದ ಹೆಂಗಸು, ಗಂಡನ ಆರೈಕೆಗೆ ಬಂದಿದ್ದ ಕೂಲಿ ಕೆಲಸದಾಕೆ, ಅಪ್ಪನನ್ನು ಒರೆಸಿ, ಹಾಸು ಬದಲಿಸಿ, ಕೈ ತೊಳೆಯಲು ಹೊರಟಿದ್ದರು. "ಮೇಷ್ಟ್ರೇ, ಸೋಪು ಕೊಡಿ" ಎಂದರು ಅಷ್ಟೇ. ಮಲಮೂತ್ರ ತೆಗೆಯಲು ಹೇಸುವವನು ಆರೈಕೆಗೆ ತಕ್ಕವನಲ್ಲ ಎಂಬುದೂ ಆ ಪಟ್ಟಿಯಲ್ಲಿದೆ. ಮಹಾವಗ್ಗವನ್ನು ಗಟ್ಟಿಯಾಗಿ ಓದಿದವನು ನಾನು. ಅದನ್ನು ಮಾಡಿದವರು ಓದು ಬಾರದ ಆಕೆ. ಮರುದಿನದಿಂದ ನಾನೇ ಮಾಡಿದೆ. ಎರಡನೆಯ ಸಲಕ್ಕೇ ಹೇಸಿಗೆ ಅರ್ಧ ಹೋಯಿತು.

ಆದರೆ ದೊಡ್ಡ ತಪ್ಪು ಅದಲ್ಲ. ನಾಲ್ಕನೆಯ ರಾತ್ರಿ ಅಪ್ಪ ಏನೇನೋ ಮಾತಾಡತೊಡಗಿದರು. ತೀರಿಹೋದ ತಮ್ಮನನ್ನು ಕರೆದರು, ಹೊಲಕ್ಕೆ ನೀರು ಬಿಡಬೇಕೆಂದು ಏಳಲು ಹೋದರು, ಡ್ರಿಪ್ಪಿನ ಸೂಜಿ ಕೀಳಲು ನೋಡಿದರು. ನನಗೆ ನಾಚಿಕೆಯಾಯಿತು. ವಯಸ್ಸಾಯಿತು, ಅರಳುಮರಳು ಎಂದುಕೊಂಡೆ. ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದು "ಹೇಗಿದ್ದೀರಿ ಯಜಮಾನ್ರೇ?" ಎಂದು ಅಪ್ಪನನ್ನು ಕೇಳಿದರೆ, ತರಗತಿಯಲ್ಲಿ ಮಕ್ಕಳ ಪರವಾಗಿ ಉತ್ತರ ಹೇಳಿಬಿಡುವ ನನ್ನ ಚಾಳಿ ಮುಂದಾಯಿತು: "ಪರವಾಗಿಲ್ಲ ಸರ್, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು." ಅಪ್ಪನೂ ಹೂಂಗುಟ್ಟಿದರು. ಮಗನಿಗೆ ತೊಂದರೆಯಾಗಬಾರದೆಂದು ಅವರು ನೋವು ಮುಚ್ಚಿಟ್ಟಿದ್ದರು, ಅಪ್ಪನ ಮರ್ಯಾದೆ ಹೋಗಬಾರದೆಂದು ನಾನು ರಾತ್ರಿಯನ್ನು ಮುಚ್ಚಿಟ್ಟೆ. ಡಾಕ್ಟರ್ ಮುಂದಿನ ಮಂಚಕ್ಕೆ ಹೊರಟಾಗಿತ್ತು. ಆಗ ಪಕ್ಕದಾಕೆ, "ಇಲ್ಲ ಸ್ವಾಮಿ, ರಾತ್ರಿಯೆಲ್ಲ ಮುಲುಗ್ತಿದ್ರು, ಏನೇನೋ ಮಾತಾಡ್ತಿದ್ರು, ಮೈ ಕಾದಿತ್ತು" ಎಂದುಬಿಟ್ಟರು. ಡಾಕ್ಟರ್ ತಿರುಗಿ ಬಂದು ಬ್ಯಾಂಡೇಜು ಬಿಚ್ಚಿಸಿದರು. ಹುಣ್ಣಿನ ಸೋಂಕು ಮೇಲೇರಿತ್ತು. ಮಧ್ಯಾಹ್ನವೇ ಆಪರೇಷನ್ ಆಯಿತು. ಎರಡು ಬೆರಳು ಹೋದವು, ಪಾದ ಉಳಿಯಿತು. ಇನ್ನೊಂದು ದಿನ ತಡವಾಗಿದ್ದರೆ ಪಾದವೂ ಉಳಿಯುವುದು ಕಷ್ಟವಿತ್ತು ಎಂದು ಆ ಡಾಕ್ಟರ್ ನನಗೆ ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ವಯಸ್ಸಾದವರು ಆಸ್ಪತ್ರೆಯಲ್ಲಿ ಇದ್ದಕ್ಕಿದ್ದಂತೆ ಗೊಂದಲಗೊಂಡರೆ ಅದು ಅರಳುಮರಳಲ್ಲ, ಗಾಳಿ ಸೋಕಿದ್ದೂ ಅಲ್ಲ. ಸೋಂಕು, ನಿದ್ದೆಗೇಡು, ನೀರಿನಂಶ ಕಡಿಮೆಯಾಗುವುದು, ಕೆಲವು ಔಷಧಿಗಳು, ಮೂತ್ರ ಕಟ್ಟಿಕೊಳ್ಳುವುದು, ಇವುಗಳಿಂದ ಹಾಗಾಗುತ್ತದೆ. ವೈದ್ಯರು ಅದನ್ನು ಡೆಲಿರಿಯಂ ಎನ್ನುತ್ತಾರೆ. ನಿನ್ನೆ ಸರಿಯಿದ್ದವರು ಇಂದು ಬೇರೆಯಾದರೆ ಆ ಕ್ಷಣವೇ ಸಿಸ್ಟರ್‌ಗೆ ಹೇಳಬೇಕು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮನೆಯಲ್ಲಿಟ್ಟು ಬರಬೇಡಿ. ಕಾಣದೆ ಕೇಳದೆ ಮಲಗಿದವರಿಗೆ ಗೊಂದಲ ಬೇಗ ಬರುತ್ತದೆ. ಇವತ್ತು ಯಾವ ವಾರ, ಈಗೆಷ್ಟು ಗಂಟೆ, ನಾವೆಲ್ಲಿದ್ದೇವೆ ಎಂದು ಮೆಲ್ಲಗೆ ಹೇಳುತ್ತಿರಿ.

ಎಂ.ಎ. ಓದುವಾಗ ಕಲಿತು ಮರೆತಿದ್ದ ಒಂದು ಮಾತು ಆ ದಿನಗಳಲ್ಲಿ ನೆನಪಾಯಿತು. ಆರೈಕೆಗೆ ನಾವು ಬಳಸುವ 'ಶುಶ್ರೂಷೆ' ಎಂಬ ಪದದ ಮೂಲ 'ಶ್ರು' ಧಾತು. ಶ್ರವಣ, ಶ್ರುತಿ ಎಲ್ಲ ಅದರಿಂದಲೇ ಬಂದವು. ಶುಶ್ರೂಷೆ ಎಂದರೆ ಅಕ್ಷರಶಃ ಕೇಳುವ ಇಚ್ಛೆ. ವಾರ್ಡಿನಲ್ಲಿ ಅಪ್ಪನ ಮಾತು ಕೇಳಿಸಿಕೊಂಡವರು ಪಕ್ಕದ ಮಂಚದವರು. ನಾನು ಮಾತಾಡುತ್ತಿದ್ದೆ.

ಹಾಗಾಗಿ ಆಸ್ಪತ್ರೆ ಸೇರುವವರಿಗೆ ನನ್ನ ಮೊದಲ ವಿನಂತಿ: "ಏನಿಲ್ಲ, ಚೆನ್ನಾಗಿದೀನಿ" ಎಂಬ ಮಾತನ್ನು ನೆಂಟರಿಗೆ ಹೇಳಿ, ಡಾಕ್ಟರಿಗೆ ಬೇಡ. ನೋವು ಎಲ್ಲಿದೆ, ಯಾವಾಗ ಹೆಚ್ಚು, ನಿನ್ನೆಗಿಂತ ಹೇಗೆ ಎಂದು ಹೇಳಿ. ಮೂತ್ರ, ಮಲ ಆಯಿತೋ ಇಲ್ಲವೋ ಹೇಳಲು ಸಂಕೋಚ ಬೇಡ. ಮನೆಯಲ್ಲಿ ನುಂಗುವ ಮಾತ್ರೆಗಳನ್ನು ಬರೆದುಕೊಂಡು ಹೋಗುವುದಕ್ಕಿಂತ ಸ್ಟ್ರಿಪ್ಪಿನ ಸಮೇತ ಒಯ್ದು ತೋರಿಸುವುದು ಒಳ್ಳೆಯದು. ನಾಟಿ ಔಷಧಿ ತೆಗೆದುಕೊಂಡಿದ್ದರೆ ಅದನ್ನೂ, ಬೀಡಿ ಮದ್ಯದ ಅಭ್ಯಾಸವಿದ್ದರೆ ಅದನ್ನೂ. ಬೈಯುತ್ತಾರೆಂದು ಮುಚ್ಚಿಟ್ಟರೆ ಅರಿವಳಿಕೆ ಕೊಡುವ ಡಾಕ್ಟರ್ ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ. ಜೊತೆಯಲ್ಲಿರುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜ್ವರ ಬಂದ ಹೊತ್ತು, ತಿಂದದ್ದು, ಕೇಳಬೇಕಾದ ಪ್ರಶ್ನೆ ಎಲ್ಲ ಬರೆದಿಡಿ. ರೌಂಡ್ಸ್ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಆಗ ಏನೂ ನೆನಪಾಗುವುದಿಲ್ಲ. ಅರ್ಥವಾಗದಿದ್ದರೆ "ಸರ್, ಕನ್ನಡದಲ್ಲಿ ಇನ್ನೊಂದು ಸಲ ಹೇಳಿ" ಎನ್ನುವುದರಲ್ಲಿ ಅವಮಾನವಿಲ್ಲ. ಡಿಸ್ಚಾರ್ಜ್ ದಿನವಂತೂ ಯಾವ ಮಾತ್ರೆ ಮುಂದುವರಿಸಬೇಕು, ಯಾವುದು ನಿಂತಿದೆ, ಹೊಲಿಗೆ ಬಿಚ್ಚುವುದು ಯಾವಾಗ, ಏನು ಕಂಡರೆ ತಕ್ಷಣ ವಾಪಸ್ ಬರಬೇಕು ಎಂಬುದು ತಿಳಿಯದೆ ಆಟೋ ಹತ್ತಬೇಡಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್, ಹಳೆಯ ರಿಪೋರ್ಟುಗಳು ಒಂದೇ ಕವರಿನಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಆದರೆ ತುರ್ತು ಸ್ಥಿತಿ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಒಡವೆ ಮನೆಯಲ್ಲೇ ಇರಲಿ.

ಇನ್ನು ನೋಡಲು ಹೋಗುವ ಹದಿನೇಳು ಜನರಿಗೆ. ನಾವು ಬರಿಗೈಲಿ ಹೋಗುವವರಲ್ಲ, ಅದೇ ತೊಂದರೆ. ಹಿತವಾದದ್ದು ಯಾವುದು, ಅಹಿತವಾದದ್ದು ಯಾವುದು ಎಂದು ತಿಳಿಯದೆ, ಅಹಿತವಾದದ್ದನ್ನೇ ತಂದುಕೊಡುವವನೂ ಆ ಹಳೆಯ ಪಟ್ಟಿಯಲ್ಲಿದ್ದಾನೆ. ಎಳನೀರು ಯಾರಿಗೆ ಕೆಟ್ಟದ್ದು ಎನ್ನುತ್ತೀರಿ. ಕಿಡ್ನಿ ಕೆಟ್ಟವರಿಗೆ ಕೆಟ್ಟದ್ದು; ಅದರಲ್ಲಿ, ಬಾಳೆಹಣ್ಣಿನಲ್ಲಿ ಪೊಟ್ಯಾಶಿಯಂ ಹೆಚ್ಚು. ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿಯಿರಬೇಕು ಎಂದರೆ ಹಾಲು ಹಾಕಿದ ಕಾಫಿಯೂ ಆಹಾರವೇ. ಸಾಮಾನ್ಯವಾಗಿ 6ರಿಂದ 8 ಗಂಟೆ ಮೊದಲೇ ಆಹಾರ ನಿಲ್ಲಿಸುತ್ತಾರೆ. ಎಷ್ಟೆಂದು ಅವರವರ ಡಾಕ್ಟರ್ ಹೇಳುತ್ತಾರೆ. ಅರಿವಳಿಕೆಯಲ್ಲಿ ಹೊಟ್ಟೆಯದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಅಪ್ಪನ ವಾರ್ಡಿನಲ್ಲೇ ಒಬ್ಬರಿಗೆ "ಪಾಪ, ಬಾಯಾರಿದೆ" ಎಂದು ಅತ್ತೆ ಕುಡಿಸಿದ ಅರ್ಧ ಲೋಟ ಕಾಫಿಗೆ ಆಪರೇಷನ್ ಮರುದಿನಕ್ಕೆ ಹೋಯಿತು. ಕರುಣೆಯೇ, ಆದರೆ ಸಿಸ್ಟರ್‌ನ ಒಂದು ಮಾತು ಕೇಳದ ಕರುಣೆ.

ಒಳಗೆ ಹೋಗುವಾಗಲೂ ಬರುವಾಗಲೂ ಕೈ ತೊಳೆಯಿರಿ. ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ, ಫೋನ್ ಮಾಡಿ. ಮಂಚದ ಮೇಲೆ ಕೂರಬೇಡಿ. ಡ್ರಿಪ್ಪಿನ ಚಕ್ರವನ್ನು ಬೇಗ ಮುಗಿಯಲೆಂದು ತಿರುಗಿಸಬೇಡಿ. ಸೂಜಿ ಚುಚ್ಚಿದ ಕೈ ಊದಿದ್ದರೆ ಸಿಸ್ಟರ್‌ಗೆ ಹೇಳಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೇ ತೂಗಬೇಕು, ನೆಲಕ್ಕೆ ತಾಗಬಾರದು. ಅದನ್ನು ಹೇಳದೆ ಖಾಲಿ ಮಾಡಬೇಡಿ, ಎಷ್ಟು ಬಂತೆಂದು ಅವರು ಬರೆದುಕೊಳ್ಳಬೇಕಿರುತ್ತದೆ. ರೋಗಿ ರಾತ್ರಿ ಒಬ್ಬರೇ ಶೌಚಕ್ಕೆ ಎದ್ದು ಬೀಳುವುದು ಬಹಳ, ಕೈಗೆಟಕುವಂತೆ ಯಾರಾದರೂ ಇರಲಿ.

ಮಾತಿನ ವಿಷಯ. "ನಮ್ಮ ಭಾವನಿಗೂ ಇದೇ ಆಗಿತ್ತು, ಒಂದು ವಾರಕ್ಕೇ ಹೋಗಿಬಿಟ್ಟ" ಎನ್ನುವ ಮಹನೀಯರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಗ್ರೂಪಿನಲ್ಲಿ ಇಲ್ಲವೆಂದುಕೊಳ್ಳುತ್ತೇನೆ. ಹಾಗೆಂದು "ಏನೂ ಆಗಲ್ಲ ಬಿಡಿ" ಎಂಬುದೂ ಕೇಳುವ ಮಾತಲ್ಲ, ಬಾಯಿ ಮುಚ್ಚಿಸುವ ಮಾತು. ಅಂಗುತ್ತರ ನಿಕಾಯದಲ್ಲಿ ನಕುಲಮಾತೆಯ ಪ್ರಸಂಗ ನೆನಪಿದೆಯೇ? ಗಂಡ ನಕುಲಪಿತ ಕಾಯಿಲೆಯಿಂದ ಮಲಗಿದಾಗ ಆಕೆ ಬರಿ ಸಮಾಧಾನ ಹೇಳುವುದಿಲ್ಲ. ಅವನ ಮನಸ್ಸಿನಲ್ಲಿ ಏನೇನು ಕೊರೆಯುತ್ತಿರಬಹುದು ಎಂದು ಒಂದೊಂದನ್ನೇ ಹೆಸರಿಸಿ ಉತ್ತರ ಕೊಡುತ್ತಾಳೆ. ಮಕ್ಕಳನ್ನು ಸಾಕುವ, ಮನೆ ನಡೆಸುವ ಚಿಂತೆಯೇ? ನನಗೆ ಹತ್ತಿ ನೂಲುವುದು ಗೊತ್ತು, ಉಣ್ಣೆ ಹದ ಮಾಡುವುದು ಗೊತ್ತು, ಎನ್ನುತ್ತಾಳೆ. ಅವನು ಚೇತರಿಸಿಕೊಂಡು ಕೋಲೂರಿಕೊಂಡು ಬುದ್ಧರ ಬಳಿ ಹೋಗುತ್ತಾನೆ. ಅಪ್ಪನಿಗೆ ಕೊರೆಯುತ್ತಿದ್ದದ್ದು ಕಾಲಲ್ಲ, ಸೊಸೈಟಿ ಸಾಲದ ಕಂತು. ಕಟ್ಟಿದ ರಸೀದಿಯನ್ನು ನನ್ನ ತಮ್ಮ ತಂದು ತೋರಿಸಿದ ರಾತ್ರಿ ಅವರು ನಿಜವಾಗಿ ನಿದ್ದೆ ಮಾಡಿದರು.

ನಮ್ಮ ಹಿರಿಯರ ಮನೆಯಲ್ಲಿ ಎರಡು ಹಸುಗಳಿವೆ, ಅಮ್ಮನವರಿಗೆ ಮಂಡಿ ನೋವು. ಆದ್ದರಿಂದ ಹೀಗೆ ಮಾಡೋಣ. ಆಪರೇಷನ್ ದಿನ ಮನೆಯವರಲ್ಲದೆ ನಮ್ಮವರು ಒಬ್ಬರೇ ಇರಲಿ, ನಾನು ರಜೆ ಹಾಕಿದ್ದೇನೆ. ಮರುದಿನದಿಂದ ಭೇಟಿಯ ಸಮಯದಲ್ಲಿ ದಿನಕ್ಕೆ ಇಬ್ಬರು, ಹತ್ತು ನಿಮಿಷ. ರಾತ್ರಿ ಕಾವಲಿಗೆ ಮೂವರು ಬೇಕು, ಹುಲ್ಲು ತಂದು ಹಾಲು ಡೈರಿಗೆ ಹಾಕಲು ಇಬ್ಬರು. ಯಾರು ಯಾವುದಕ್ಕೆ ಎಂದು ಸಂಜೆಯೊಳಗೆ ಗ್ರೂಪಿನಲ್ಲಿ ಬರೆಯಿರಿ. ಹಣ್ಣು ತರಬೇಡಿ, ಅವರಿಗೆ ಶುಗರ್ ಇದೆ.