ಬೆಂಡಿನ ಮಿಡತೆ

ನಂಜನಗೂಡಿನಿಂದ ತಿರುಮಕೂಡಲಿನ ಸಂಗಮದವರೆಗೆ ಕಪಿಲೆಯ ನೀರುಂಡು ಬೆಳೆಯುವ ಗದ್ದೆಬಯಲುಗಳಿವೆ. ಭತ್ತ ಬಲಿಯುವ ಕಾಲದಲ್ಲಿ ಬದುವಿನ ಹುಲ್ಲಿನಲ್ಲಿ ಮಿಡತೆಗಳು ತುಂಬಿರುತ್ತವೆ. ಗಾಳಿ ಬೀಸಿದರೆ ಕೆಲವು ನಾಲೆಗೆ ಬಿದ್ದು, ಕಾಲು ಬಡಿಯುತ್ತ ತೇಲುತ್ತವೆ; ಮೀನು ಕೆಳಗಿನಿಂದ ಬಂದು ನುಂಗುತ್ತದೆ. ಅಂತಹ ಮಿಡತೆಯನ್ನು ಗಾಳದ ಮೇಲೆ ಕೈಯಿಂದಲೇ ಕಟ್ಟುವ ವಿದ್ಯೆಯೊಂದುಂಟು. ಅದನ್ನು ಕಲಿಯಲು ಹೋಗಿ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಈ ವಿದ್ಯೆ ಹಳೆಯದು. ಕ್ರಿ.ಶ. 200ರ ಸುಮಾರಿನ ರೋಮನ್ ಲೇಖಕ ಈಲಿಯನ್, ಮ್ಯಾಸಿಡೋನಿಯದವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಸೇರಿಸಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಆದರೆ ಉಣ್ಣೆ ನೆನೆಯುತ್ತದೆ. ಉಕ್ಕಿನ ಗಾಳವಾದರೋ ನೀರಿಗಿಂತ ಸುಮಾರು 7.8 ಪಟ್ಟು ಭಾರ. ಮಿಡತೆ ಮುಳುಗಿದರೆ ಅದು ಮಿಡತೆಯೇ ಅಲ್ಲ. ಆದುದರಿಂದಲೇ ಈಚಿನವರು ಫೋಮನ್ನು ಬಳಸತೊಡಗಿದರು.

ನಾನು ಮೊದಲು ಕಟ್ಟಿದ್ದು ಹಳೆಯ ಕುರ್ಚಿಯ ಮೆತ್ತೆಯ ಸ್ಪಂಜಿನಿಂದ. ಬಕೆಟ್ಟಿನ ನೀರಿಗೆ ಬಿಟ್ಟೆ. ಕ್ಷಣಕಾಲ ತೇಲಿ, ನೀರು ಕುಡಿದು, ತಳ ಸೇರಿತು. ನೆರೆಮನೆಯ ಬೆಸ್ತರ ಅಜ್ಜ ನಕ್ಕು, "ಬೆಂಡು ಕಟ್ಟು ಮಗಾ, ಬಟ್ಟೆ ಕಟ್ಟಬೇಡ" ಎಂದರು. ಗುಟ್ಟು ಆ ಮಾತಿನಲ್ಲಿಯೇ ಇತ್ತು. ಸ್ಪಂಜಿನ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ನೀರು ಒಳನುಗ್ಗುತ್ತದೆ. ಬೆಂಡಿನಲ್ಲಿಯಾದರೋ ಗಾಳಿ ತುಂಬಿದ ಕೋಶಗಳು ಬೇರೆ ಬೇರೆಯಾಗಿ ಮುಚ್ಚಿರುತ್ತವೆ. ಸ್ಟೇಷನರಿ ಅಂಗಡಿಯಲ್ಲಿ ಕರಕುಶಲ ಕೆಲಸಕ್ಕೆಂದು ಮಾರುವ ಫೋಮ್ ಹಾಳೆಯೂ ಈ ಜಾತಿಯದೇ.

ಕಟ್ಟುವ ಕ್ರಮ ಹೀಗೆ. ಉದ್ದ ಕಡ್ಡಿಯ, 8 ಅಥವಾ 10ನೇ ನಂಬರಿನ ಗಾಳವನ್ನು ಇಕ್ಕಳದಲ್ಲಿ ಬಿಗಿದು, ಕಡ್ಡಿಯುದ್ದಕ್ಕೂ ದಾರ ಸುತ್ತಿ ತೆಳ್ಳಗೆ ಅಂಟು ಸವರಬೇಕು. 2 ಮಿ.ಮೀ. ದಪ್ಪದ ಹಸುರು ಅಥವಾ ಕಂದು ಫೋಮಿನ ಪಟ್ಟಿಯನ್ನು ಗಾಳದ ಬಾಯಿಯಷ್ಟೇ ಅಗಲಕ್ಕೆ ಕತ್ತರಿಸಿ ಕಡ್ಡಿಯ ಮೇಲಿಟ್ಟು, ಮೂರು ಕಡೆ ದಾರ ಹಾಕಬೇಕು. ಬಹಳ ಬಿಗಿದರೆ ದಾರ ಫೋಮನ್ನು ಕುಯ್ಯುತ್ತದೆ; ಕೋಶಗಳು ಹಿಸುಕಿ ತೇಲುವ ಬಲ ಕುಗ್ಗುತ್ತದೆ. ರಬ್ಬರ್ ಬ್ಯಾಂಡಿನ ಎಳೆಗೆ ಗಂಟು ಹಾಕಿದರೆ ಮಡಿಸಿದ ಹಿಂಗಾಲು ಸಿದ್ಧ. ರೆಕ್ಕೆಗೆ ಕೋಳಿಗರಿ, ಪಟ್ಟಿಯ ತುದಿಯನ್ನು ಹಿಂದಕ್ಕೆ ಮಡಿಸಿ ಕಟ್ಟಿದರೆ ತಲೆ.

ಫೋಮು ಕಡ್ಡಿಯ ಮೇಲಿರಬೇಕು, ಕೆಳಗಲ್ಲ. ಕೆಳಗಿದ್ದರೆ ಗಾಳದ ಬಾಯಿ ಮುಚ್ಚುತ್ತದೆ, ಮಿಡತೆಯೂ ಮಗುಚುತ್ತದೆ. ಬಣ್ಣದ ಬೆಡಗಿಗೆ ಹೆಚ್ಚು ಶ್ರಮಪಡಬೇಕಾಗಿಲ್ಲ. ಮೀನು ಬೆಳಕಿಗೆ ಎದುರಾಗಿ ಕೆಳಗಿನಿಂದ ನೋಡುತ್ತದೆ; ಅದಕ್ಕೆ ಮುಖ್ಯವಾಗಿ ಕಾಣುವುದು ಆಕಾರ ಮತ್ತು ಕಾಲಿನ ಅಲುಗಾಟ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಇದೇ ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಹಿಡಿದರು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ನೆಲೆಯಿಲ್ಲದ ಆ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಮಿಡತೆ ಕಟ್ಟುವವನು ಇದನ್ನು ಮರೆಯಬಾರದು. ಗಾಳದ ಮೊನೆಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅದುಮಿಬಿಟ್ಟರೆ ಗಾಳ ಸುಲಭವಾಗಿ ಕಳಚುತ್ತದೆ. ಮೀನನ್ನು ನೀರಿನಿಂದ ಎತ್ತದೆಯೇ ಬಿಡಬಹುದು. ಹುಲ್ಲಿನ ಮಿಡತೆ ಕೊಳೆತು ಮಣ್ಣಾಗುತ್ತದೆ, ಫೋಮಿನದು ಆಗದು. ಆದಕಾರಣ ಕತ್ತರಿಸಿದ ಚೂರನ್ನೂ ಹೊಳೆಗೆ ಬಿಡಬಾರದು. ಮೀನುಗಾರಿಕೆಯ ನಿಯಮಗಳನ್ನು ವಿಚಾರಿಸಿಕೊಂಡೇ ದಡಕ್ಕೆ ಹೋಗಬೇಕು.

ನನ್ನ ಐದನೆಯ ಮಿಡತೆ ತೇಲಿತು. ನಾಲೆಯಲ್ಲಿ ಗೇಣುದ್ದದ ಮೀನೊಂದು ಅದನ್ನು ಹಿಡಿಯಿತು. ಮುಳ್ಳಿಲ್ಲದ ಗಾಳವಾದ್ದರಿಂದ ನಾನು ಕೈ ನೀಡುವ ಮೊದಲೇ ಬಿಡಿಸಿಕೊಂಡು ಹೋಯಿತು. ಅಜ್ಜ ದಡದಿಂದ ಕೇಳಿದರು: "ಹೋಯ್ತಾ ಮಗಾ?" ಹೋಯಿತೆಂದೆ. "ಇರ್ಲಿ ಬುಡು, ಹೊಳೇಲಿ ಅದಲ್ಲ!" ಎಂದರು. ಇದ್ದರೆ ತಾನೆ ನಾಳೆ ಮತ್ತೆ ಬರುವುದು?