ಜಗ್ಗದ ಆಕ್ಸಲ್ ನಟ್ಟು

ಮಿಶಿಗನ್‌ನಲ್ಲಿ ಒಂದೆರಡು ಚಳಿಗಾಲ ಕಳೆದ ಕಾರಿನ ಕೆಳಗೆ ಬಗ್ಗಿ ನೋಡಿದ್ದೀರಾ? ರಸ್ತೆಗೆ ಸುರಿದ ಉಪ್ಪು ತನ್ನ ಕೆಲಸ ಮಾಡಿರುತ್ತದೆ. ಮುಂಚಕ್ರದ ಆಕ್ಸಲ್ ಬದಲಿಸಲು ಹೊರಟ ನನಗೆ ಅದರ ತುದಿಯ ದೊಡ್ಡ ನಟ್ಟು ಅರ್ಧ ದಿನ ನೀರು ಕುಡಿಸಿತು.

ತಪ್ಪು ನನ್ನದೇ. ಕಾರನ್ನು ಎತ್ತಿ, ಚಕ್ರ ಬಿಚ್ಚಿ, ಆಮೇಲೆ ನಟ್ಟಿಗೆ ಕೈ ಹಾಕಿದ್ದೆ. ಜೋರಾಗಿ ಎಳೆದಾಗ ಸ್ಟ್ಯಾಂಡ್ ಮೇಲಿದ್ದ ಕಾರೇ ಅಲುಗಿತು, ಎದೆ ಝಲ್ಲೆಂದಿತು. ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದು (ನಮ್ಮನೆಯಲ್ಲಿ ಈ ಕೆಲಸ ಹೆಂಡತಿಯದು, ಗೊಣಗಾಟ ಉಚಿತ), ಇದನ್ನು ಸಡಿಲಿಸಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬ್ರೇಕ್ ಡಿಸ್ಕಿಗೆ ತಾಗದಿರಲಿ. ಅನೇಕ ಕಾರುಗಳಲ್ಲಿ ನಟ್ಟಿನ ಅಂಚನ್ನು ಆಕ್ಸಲ್‌ನ ಕಚ್ಚಿಗೆ ಬಡಿದು ಮಡಚಿರುತ್ತಾರೆ, ಮೊದಲು ಅದನ್ನು ಉಳಿಯಿಂದ ಎಬ್ಬಿಸಿ.

ಮಿಕ್ಕದ್ದು ಪಿಯುಸಿ ಫಿಸಿಕ್ಸ್. ಅರ್ಧ ಮೀಟರ್ ಹಿಡಿಯ ತುದಿಗೆ 60 ಕೆ.ಜಿ. ಭಾರ ಬಿಟ್ಟರೆ ಸುಮಾರು 300 ನ್ಯೂಟನ್-ಮೀಟರ್. ಪೈಪು ಸಿಕ್ಕಿಸಿ ಒಂದು ಮೀಟರ್ ಮಾಡಿದರೆ 600. ಆರು ಮೂಲೆಯ ಸಾಕೆಟ್ಟೇ ಇರಲಿ. ಪೈಪಿನ ಮೇಲೆ ಹತ್ತಿ ಕುಣಿಯಬೇಡಿ, ಜಾರಿದರೆ ಮೊಣಕಾಲು ಹೋಗುತ್ತದೆ. ಟಾರ್ಕ್ ರೆಂಚನ್ನು ಬಿಚ್ಚಲು ಬಳಸಬೇಡಿ. ಅದು ಬೇಕಾಗುವುದು ಹೊಸ ನಟ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿಯಲು. ಹೌದು, ಹೊಸದೇ. ಮಡಚಿದ ಹಳೆಯ ನಟ್ಟನ್ನು ಮತ್ತೆ ಹಾಕಬಾರದು.